ಹದಿನೆಂಟಕ್ಕೆ ಮುಗಿಯದ ಲೆಕ್ಕ

"ಕಷ್ಟ ಮನುಷ್ಯರಿಗೆ ಬಾರದೆ ಮರಕ್ಕೆ ಬರುತ್ತದೆಯೇ?" ಸಾವಿನ ಮನೆಯಲ್ಲಿ ಈ ಮಾತನ್ನು ಕೇಳದವರು ಕಡಿಮೆ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ಕಷ್ಟವೇ ಮನುಷ್ಯನನ್ನು ಗಟ್ಟಿ ಮಾಡುತ್ತದೆ. ಮೊದಲನೆಯದನ್ನು ಒಪ್ಪುತ್ತೇನೆ. ಎರಡನೆಯದಕ್ಕೆ ತಲೆಯಾಡಿಸಲು ನನ್ನಿಂದ ಆಗುವುದಿಲ್ಲ.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ಮನಶ್ಶಾಸ್ತ್ರಜ್ಞೆಯರು ದಶಕಗಳ ಕಾಲ ಹಿಂಬಾಲಿಸಿದರು. ಒಂದು, ಎರಡು, ಹತ್ತು, ಹದಿನೆಂಟು, ಮೂವತ್ತೆರಡು, ನಲವತ್ತು ವರ್ಷ ತುಂಬಿದಾಗಲೆಲ್ಲ ಅವರನ್ನು ಮತ್ತೆ ಹುಡುಕಿ ಮಾತನಾಡಿಸಿದರು. ಹಲವರ ಹಿರಿಯರು ಕಬ್ಬು, ಅನಾನಸು ತೋಟಗಳಲ್ಲಿ ದುಡಿಯಲು ದೂರದೇಶಗಳಿಂದ ಬಂದವರು. ಮೂರರಲ್ಲಿ ಒಂದು ಪಾಲು ಮಕ್ಕಳ ಸ್ಥಿತಿ ಹುಟ್ಟಿನಿಂದಲೇ ಹದಗೆಟ್ಟಿತ್ತು: ಬಡತನ, ಹೆರಿಗೆಯ ತೊಡಕು, ಕುಡಿತ, ಮನೆಯೊಳಗಿನ ಜಗಳ, ಹೆತ್ತವರ ಮಾನಸಿಕ ಕಾಯಿಲೆ.

ಕಷ್ಟವೇ ಗಟ್ಟಿ ಮಾಡುವುದಾದರೆ ಇವರೇ ಎಲ್ಲರಿಗಿಂತ ಗಟ್ಟಿಯಾಗಬೇಕಿತ್ತು. ಆದರೆ ಹದಿನೆಂಟರ ಹೊತ್ತಿಗೆ ಅವರಲ್ಲಿ ಮೂರನೇ ಎರಡು ಪಾಲು ಮಂದಿ ಕಲಿಕೆಯಲ್ಲೋ ನಡತೆಯಲ್ಲೋ ಎಡವಿದ್ದರು. ಉಳಿದ 72 ಮಂದಿ ಮಾತ್ರ ಅಕ್ಕರೆಯುಳ್ಳ, ತಮ್ಮ ಮೇಲೆ ಭರವಸೆಯಿದ್ದ ತರುಣ ತರುಣಿಯರಾಗಿದ್ದರು. ನಲವತ್ತರಲ್ಲಿ ನೋಡಿದಾಗ ಆ ಗುಂಪಿನಲ್ಲಿ ಕೆಲಸವಿಲ್ಲದವರು ಒಬ್ಬರೂ ಇರಲಿಲ್ಲ.

ಅವರಿಗೆ ದಕ್ಕಿದ್ದು ಏನು? ಸ್ವಭಾವದ ಪಾಲು ಇದ್ದೇ ಇತ್ತು. ಅದರ ಜೊತೆಗೆ ಹೆಚ್ಚಿನವರ ಬಾಲ್ಯದಲ್ಲಿ ಕೈಬಿಡದ ಒಬ್ಬರು ದೊಡ್ಡವರಿದ್ದರು: ಅಜ್ಜಿ, ಚಿಕ್ಕಮ್ಮ, ಒಬ್ಬ ಮೇಷ್ಟ್ರು. ನಂಬಿಕೆಯ ಹಿರಿಯರು ಪಕ್ಕದಲ್ಲಿದ್ದಾಗ ಹೆದರಿದ ಮಗುವಿನ ದೇಹದಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಅಷ್ಟಾಗಿ ಏರುವುದಿಲ್ಲ ಎಂಬುದನ್ನು ಬೇರೆ ಅಧ್ಯಯನಗಳು ತೋರಿಸಿವೆ. ಮಡಿಲು ಎನ್ನುವುದು ಬರೀ ಕವಿಮಾತಲ್ಲ, ಅದು ದೇಹಕ್ಕೂ ತಿಳಿಯುತ್ತದೆ. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ತಟ್ಟಿತು. ಆ ಮಕ್ಕಳಲ್ಲಿ ಹಲವರಿಗೆ ಮನೆಯಲ್ಲಿ ನಿಜವಾಗಿ ಬೇಕಾದ ಒಂದು ಹೊಣೆಯಿತ್ತು; ತಮ್ಮ-ತಂಗಿಯರನ್ನು ನೋಡಿಕೊಳ್ಳುವಂಥದ್ದು.

ಇದನ್ನು ಓದಿದಾಗ ಪಕ್ಕದ ಮನೆಯ ಅಜ್ಜಿ ನೆನಪಾದರು. ಅಪ್ಪ ತೀರಿಕೊಂಡ ವರ್ಷ ನನಗೆ ಒಂಬತ್ತು. ಎಲ್ಲರೂ ತಲೆ ಸವರಿ "ಪಾಪ" ಎನ್ನುತ್ತಿದ್ದರು. ಆ ಅಜ್ಜಿ ಮಾತ್ರ ಹಿಂಡಿ ಕಲಸಿದ ಬಕೆಟ್ಟನ್ನು ನನ್ನ ಕೈಗೆ ಕೊಟ್ಟು, "ನೀನು ಮುಂದೆ ನಿಂತರೇನೇ ಎಮ್ಮೆ ಸೊರೆ ಬಿಡುವುದು. ನಾಳೆಯೂ ಬಾ ಮಗಾ" ಎಂದರು. ಎಮ್ಮೆಯ ಬಿಸಿಯುಸಿರು ಮೊಣಕೈಗೆ ತಾಗುತ್ತಿತ್ತು, ಹಿಂದೆ ತಂಬಿಗೆಯಲ್ಲಿ ಹಾಲು ಚರ್ರೆನ್ನುತ್ತಿತ್ತು. ಬೆಳಗ್ಗೆ ಏಳಲು ನನಗೊಂದು ಕಾರಣ ಸಿಕ್ಕಿತ್ತು.

ಇನ್ನು ಎಡವಿದವರ ಕಥೆ. ಅಧ್ಯಯನ ಹದಿನೆಂಟಕ್ಕೇ ನಿಂತಿದ್ದರೆ ಅವರ ಹೆಸರಿನ ಮುಂದೆ ಸೋಲು ಎಂದು ಬರೆದು ಪುಸ್ತಕ ಮುಚ್ಚಬೇಕಿತ್ತು. ಮೂವತ್ತು ದಾಟಿದ ಮೇಲೆ ಹೋಗಿ ನೋಡಿದರೆ ಅವರಲ್ಲಿ ಹೆಚ್ಚಿನವರು ಚೇತರಿಸಿಕೊಂಡಿದ್ದರು. ತಿರುವು ತಂದ ಸಂಗತಿಗಳು ಬಹಳ ಸಾಧಾರಣವಾದವು: ಬಿಟ್ಟ ಓದನ್ನು ಮತ್ತೆ ಹಿಡಿದದ್ದು, ಸೇನೆಯಲ್ಲಿ ಕಲಿತ ಕಸುಬು, ನೆಮ್ಮದಿಯ ಮದುವೆ, ದೇವರ ನಂಬಿಕೆಯಿಂದ ಒದಗಿದ ಹೊಸ ಒಡನಾಟ. ಕೆಲವರಿಗೆ ಸಾವಿನ ದವಡೆಯಿಂದ ಪಾರಾದ ಕಾಯಿಲೆಯೇ ತಿರುವಾಯಿತು. ಹದಿಹರೆಯದಲ್ಲೇ ತಾಯಂದಿರಾಗಿದ್ದ ಹುಡುಗಿಯರ ಬದುಕು ಮುಗಿಯಿತೆಂದು ಸುತ್ತಲಿನವರು ಎಣಿಸಿದ್ದಿರಬಹುದು. ನಲವತ್ತರ ವೇಳೆಗೆ ಅವರಲ್ಲಿ ಬಹುಪಾಲು ಮಂದಿ ಓದು ಮುಂದುವರಿಸಿ, ಕೆಲಸ ಹಿಡಿದು, ತಮ್ಮ ಕಾಲ ಮೇಲೆ ನಿಂತಿದ್ದರು.