ನೋಡ್ ಖಾಲಿ ಇದ್ದರೂ ಜಾಬ್ ಏಕೆ ಕಾಯುತ್ತದೆ?

‘ಸರ್, ಅರ್ಧಕ್ಕಿಂತ ಹೆಚ್ಚು ನೋಡ್‌ಗಳು ಖಾಲಿ ಇವೆ. ಆದರೂ ನನ್ನ ಜಾಬ್ ಶುರುವಾಗುತ್ತಿಲ್ಲ.’ ದುರಸ್ತಿ, ತಪಾಸಣೆಗೆಂದು ಕ್ಲಸ್ಟರ್ ನಿಲ್ಲಿಸುವ ನಿರ್ವಹಣೆಯ ದಿನ ಹತ್ತಿರವಾದಾಗ ಸಂಶೋಧನಾ ವಿದ್ಯಾರ್ಥಿಗಳಿಂದ ತಪ್ಪದೆ ಬರುವ ದೂರು ಇದು. ಧಾರವಾಡದ ಶಿಕ್ಷಣ ಸಂಸ್ಥೆಯೊಂದರಲ್ಲಿ ಕ್ಲಸ್ಟರ್ ನೋಡಿಕೊಳ್ಳುವವನಾಗಿ ಈ ದೂರು ನನಗೆ ಇಷ್ಟ. ಇದಕ್ಕೆ ಸರಿಯಾದ ಉತ್ತರ ಸಿಕ್ಕವರು ಮುಂದಿನ ಸಲ ಜಾಬ್ ಸಲ್ಲಿಸುವ ರೀತಿಯೇ ಬದಲಾಗುತ್ತದೆ.

ಕ್ಲಸ್ಟರ್ ಎಂದರೆ ವೇಗದ ನೆಟ್‌ವರ್ಕ್‌ನಲ್ಲಿ ಬೆಸೆದ ಹಲವು ಸರ್ವರ್‌ಗಳು. ಒಂದೊಂದು ಸರ್ವರ್ ಒಂದು ನೋಡ್. ಬಳಕೆದಾರರು ನೇರವಾಗಿ ಆ ನೋಡ್‌ಗಳ ಮೇಲೆ ಕೆಲಸ ಮಾಡುವುದಿಲ್ಲ. ಎಷ್ಟು ಕೋರ್ ಬೇಕು, ಎಷ್ಟು ಮೆಮೊರಿ ಬೇಕು, ಎಷ್ಟು ಗಂಟೆ ಬೇಕು ಎಂದು ಸ್ಕ್ರಿಪ್ಟ್‌ನಲ್ಲಿ ಬರೆದು ಸಲ್ಲಿಸುತ್ತಾರೆ. ಹೀಗೆ ಸಲ್ಲಿಸಿದ ಕೆಲಸವೇ ಜಾಬ್. ಅದನ್ನು ಸರದಿಯಲ್ಲಿಟ್ಟು, ಜಾಗ ಸಿಕ್ಕಾಗ ಓಡಿಸುವುದು ಶೆಡ್ಯೂಲರ್‌ನ ಹೊಣೆ. ನಾವು ಬಳಸುವುದು ಸ್ಲರ್ಮ್. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 2002ರ ಸುಮಾರಿಗೆ ಹುಟ್ಟಿದ ಈ ಮುಕ್ತ ತಂತ್ರಾಂಶ ಇಂದು ಜಗತ್ತಿನ ದೊಡ್ಡ ಸೂಪರ್‌ಕಂಪ್ಯೂಟರ್‌ಗಳಲ್ಲಿ ಹಲವನ್ನು ನಡೆಸುತ್ತದೆ. ಹತ್ತಿಪ್ಪತ್ತು ನೋಡ್‌ಗಳ ಕಾಲೇಜು ಕ್ಲಸ್ಟರ್‌ಗೂ ಅದೇ ಸಾಕು.

ಈಗ ದೂರಿಗೆ ಬರೋಣ. ಶನಿವಾರ ಬೆಳಿಗ್ಗೆ 8 ಗಂಟೆಗೆ ನಿರ್ವಹಣೆ ಇದೆ ಎಂದುಕೊಳ್ಳಿ. ನಾನು ಅದನ್ನು ಎಲ್ಲರಿಗೂ ಇಮೇಲ್‌ನಲ್ಲಿ ತಿಳಿಸುತ್ತೇನೆ, ಜೊತೆಗೆ ಸ್ಲರ್ಮ್‌ನಲ್ಲೂ ಆ ಹೊತ್ತಿಗೆ ಎಲ್ಲ ನೋಡ್‌ಗಳನ್ನು ಕಾಯ್ದಿರಿಸುತ್ತೇನೆ. ಇದಕ್ಕೆ ‘ಮೇಂಟೆನೆನ್ಸ್ ರಿಸರ್ವೇಶನ್’ ಎನ್ನುತ್ತಾರೆ. ಗುರುವಾರ ಸಂಜೆ 6 ಗಂಟೆಗೆ ಒಬ್ಬರು 48 ಗಂಟೆಯ ಮಿತಿ ಬರೆದು ಜಾಬ್ ಸಲ್ಲಿಸಿದರೆ ಅದು ಶನಿವಾರ ಸಂಜೆ 6ರವರೆಗೆ ಓಡಬಹುದು ಎಂದೇ ಸ್ಲರ್ಮ್ ಲೆಕ್ಕ ಹಾಕುತ್ತದೆ. ಅಷ್ಟರೊಳಗೆ ಕಾಯ್ದಿರಿಸಿದ ಹೊತ್ತು ಬಂದುಬಿಡುತ್ತದೆ. ಹಾಗಾಗಿ ನೋಡ್ ಖಾಲಿ ಇದ್ದರೂ ಜಾಬ್ ಕಾಯುತ್ತದೆ. ಅದೇ ಜಾಬ್‌ಗೆ 36 ಗಂಟೆ ಎಂದು ಬರೆದಿದ್ದರೆ ಶನಿವಾರ ಬೆಳಿಗ್ಗೆ 6ಕ್ಕೆ ಮುಗಿಯುತ್ತಿತ್ತು, ತಕ್ಷಣ ಶುರುವೂ ಆಗುತ್ತಿತ್ತು.

ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಊರು. ಹಳಿ ದುರಸ್ತಿಗೆ ‘ಲೈನ್ ಬ್ಲಾಕ್’ ತೆಗೆದುಕೊಳ್ಳುವುದು ಇಲ್ಲಿ ಅನೇಕ ಮನೆಗಳಲ್ಲಿ ಗೊತ್ತಿರುವ ಸಂಗತಿ. ಬ್ಲಾಕ್ ಶುರುವಾಗುವ ಮೊದಲು ಮುಂದಿನ ನಿಲ್ದಾಣ ಮುಟ್ಟಲಾರದ ಗಾಡಿಯನ್ನು ಹಿಂದಿನ ನಿಲ್ದಾಣದಲ್ಲೇ ನಿಲ್ಲಿಸುತ್ತಾರೆ. ಎದುರಿಗೆ ಹಳಿ ಖಾಲಿ ಕಾಣುತ್ತದೆ ಎಂದು ಬಿಡುವುದಿಲ್ಲ. ಸ್ಲರ್ಮ್ ಮಾಡುವುದೂ ಅದನ್ನೇ.

ಇಲ್ಲೆಲ್ಲ ನಿರ್ಣಾಯಕವಾದದ್ದು ಬಳಕೆದಾರರು ಬರೆಯುವ ಸಮಯದ ಮಿತಿ. ಬಹಳ ಜನ ಅದನ್ನು ಬರೆಯುವುದೇ ಇಲ್ಲ. ಬರೆಯದಿದ್ದರೆ, ವ್ಯವಸ್ಥಾಪಕರು ಪೂರ್ವನಿಗದಿ ಸಮಯವನ್ನೂ ಇಟ್ಟಿರದಿದ್ದರೆ, ಆ ಪಾರ್ಟಿಶನ್‌ನ (ಜಾಬ್ ಸಲ್ಲಿಸಿದ ನೋಡ್‌ಗಳ ಗುಂಪಿನ) ಗರಿಷ್ಠ ಮಿತಿಯೇ ಜಾಬ್‌ಗೆ ಅಂಟಿಕೊಳ್ಳುತ್ತದೆ. ಮೂರು ಗಂಟೆಯಲ್ಲಿ ಮುಗಿಯುವ ಲೆಕ್ಕ ಏಳು ದಿನದ ವೇಷ ತೊಟ್ಟು ಸರದಿಯಲ್ಲಿ ನಿಲ್ಲುತ್ತದೆ. ಅದರಿಂದ ನಷ್ಟ ಮಿತಿ ಬರೆಯದವರಿಗೇ. ಸ್ಲರ್ಮ್‌ನಲ್ಲಿ ‘ಬ್ಯಾಕ್‌ಫಿಲ್’ ಎಂಬ ವಿಧಾನವಿದೆ. ಮುಂದಿರುವ ದೊಡ್ಡ ಜಾಬ್‌ಗೆ ಬೇಕಾದಷ್ಟು ನೋಡ್‌ಗಳು ತೆರವಾಗುವವರೆಗೆ ನಡುವಿನ ಬಿಡುವಿನಲ್ಲಿ ಚಿಕ್ಕ ಜಾಬ್‌ಗಳನ್ನು ಅದು ಓಡಿಸಿಕೊಳ್ಳುತ್ತದೆ. ಷರತ್ತು ಒಂದೇ, ದೊಡ್ಡ ಜಾಬ್‌ನ ನಿಗದಿತ ಆರಂಭ ತಡವಾಗಬಾರದು. ಆ ಬಿಡುವಿನಲ್ಲಿ ಯಾವುದು ಹಿಡಿಸುತ್ತದೆ ಎಂದು ತೀರ್ಮಾನಿಸಲು ಅದಕ್ಕಿರುವ ಆಧಾರ ನೀವು ಬರೆದ ಗಂಟೆಗಳು ಮಾತ್ರ. ಆದ್ದರಿಂದ ಪೂರ್ವನಿಗದಿ ಸಮಯವನ್ನು ಒಂದು ಗಂಟೆಗಿಂತ ಹೆಚ್ಚು ಇಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಚ್ಚು ಬೇಕಾದವರು ಯೋಚಿಸಿ ಬರೆಯುತ್ತಾರೆ.

ಹಾಗೆಂದು ತೀರಾ ಕಡಿಮೆ ಬರೆಯಲೂ ಬಾರದು. ಮಿತಿ ಮುಗಿದಾಗ ಸ್ಲರ್ಮ್ ಮೊದಲು ‘ಮುಗಿಸು’ ಎಂಬ ಸಂಕೇತ ಕಳುಹಿಸುತ್ತದೆ, ನಂತರ ಸಾಮಾನ್ಯವಾಗಿ 30 ಸೆಕೆಂಡಿನಲ್ಲಿ ಬಲವಂತವಾಗಿ ನಿಲ್ಲಿಸುತ್ತದೆ. ನೂರಾರು ಗಿಗಾಬೈಟ್ ದತ್ತಾಂಶ ಉಳಿಸಲು ಆ 30 ಸೆಕೆಂಡು ಎಲ್ಲಿ ಸಾಲುತ್ತದೆ? ಮಿತಿಗೆ ಐದೋ ಹತ್ತೋ ನಿಮಿಷ ಮೊದಲೇ ಎಚ್ಚರಿಕೆಯ ಸಂಕೇತ ಕೊಡು ಎಂದು ಸ್ಕ್ರಿಪ್ಟ್‌ನಲ್ಲೇ ಕೇಳಬಹುದು. ಈ ಸೌಲಭ್ಯವನ್ನು ಪ್ರತಿ ಹೊಸ ಬಳಕೆದಾರರಿಗೂ ಮೊದಲ ದಿನವೇ ಹೇಳಿಕೊಡಬೇಕು. ಮೊದಲ ಸಲ ತುಸು ಹೆಚ್ಚು ಸಮಯ ಕೇಳಿ, ಜಾಬ್ ಮುಗಿದ ಮೇಲೆ ನಿಜವಾಗಿ ಎಷ್ಟು ಹಿಡಿಯಿತು ಎಂದು ಸ್ಲರ್ಮ್‌ನ ಲೆಕ್ಕಪತ್ರದಲ್ಲಿ ನೋಡಿ, ಮುಂದಿನ ಸಲ ಅದರ ಮೇಲೆ ಕಾಲು ಭಾಗ ಸೇರಿಸಿ ಬರೆದರೆ ಸಾಕು. ಮೆಮೊರಿಗೂ ಇದೇ ಕ್ರಮ.

ಎಲ್ಲ ನೋಡ್‌ಗಳನ್ನೂ ಒಟ್ಟಿಗೆ ನಿಲ್ಲಿಸಬೇಕಾದ ಪ್ರಸಂಗಗಳು ಕಡಿಮೆ: ಸ್ಟೋರೇಜ್ ದುರಸ್ತಿ, ನೆಟ್‌ವರ್ಕ್ ಸ್ವಿಚ್ ಬದಲಾವಣೆ, ವಿದ್ಯುತ್ ಕೆಲಸ. ಉಳಿದದ್ದಕ್ಕೆಲ್ಲ ಒಂದೊಂದೇ ನೋಡನ್ನು ‘ಡ್ರೇನ್’ ಸ್ಥಿತಿಗೆ ತರುವುದು ಸರಿಯಾದ ದಾರಿ. ಡ್ರೇನ್ ಆದ ನೋಡ್‌ಗೆ ಹೊಸ ಜಾಬ್ ಬರುವುದಿಲ್ಲ, ಓಡುತ್ತಿರುವುದು ಮಾತ್ರ ನೆಮ್ಮದಿಯಿಂದ ಮುಗಿಯುತ್ತದೆ. ‘ಡೌನ್’ ಮಾಡಿದರೆ ಓಡುತ್ತಿರುವುದೂ ಸಾಯುತ್ತದೆ. ಒಂದು ಮೆಮೊರಿ ಮಾಡ್ಯೂಲ್ ಬದಲಿಸುವ ಅವಸರಕ್ಕೆ ಯಾರದೋ ನಾಲ್ಕು ದಿನದ ಅಣು ಸಿಮ್ಯುಲೇಶನ್ ಲೆಕ್ಕವನ್ನು ಕೊಲ್ಲುವುದು ಅನ್ಯಾಯ. ಆ ಲೆಕ್ಕದ ಹಿಂದೆ ಒಬ್ಬ ವಿದ್ಯಾರ್ಥಿಯ ಪ್ರಬಂಧವಿದೆ, ಸಲ್ಲಿಕೆಯ ದಿನಾಂಕವಿದೆ. ಡ್ರೇನ್ ಮಾಡುವಾಗ ಸ್ಲರ್ಮ್ ಕಾರಣ ಬರೆಯಲು ಕೇಳುತ್ತದೆ. ಅಲ್ಲಿ ‘ಸಮಸ್ಯೆ’ ಎಂದಷ್ಟೇ ಬರೆಯುವ ಅಭ್ಯಾಸ ಬಹಳ ಕಡೆ ಇದೆ. ಮೂರು ವಾರದ ಬಳಿಕ ಆ ಪದದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ಭಾಗ ಕೆಟ್ಟಿದೆ, ಯಾರಿಗೆ ಹೇಳಿದ್ದೇವೆ ಎಂದು ಬರೆಯಬೇಕು. ಬಿಡಿಭಾಗ ಬೆಂಗಳೂರಿನಿಂದ ಬರುವ ನಮ್ಮಂಥ ಊರುಗಳಲ್ಲಿ ಇದು ಇನ್ನೂ ಮುಖ್ಯ.

ಯೋಜಿತ ನಿರ್ವಹಣೆಗೆ ನನ್ನ ಆಯ್ಕೆ ಫೆಬ್ರುವರಿ. ಬೇಸಿಗೆ ಏರುವ ಮೊದಲು ಧೂಳು ಜಾಡಿಸಿ, ಫ್ಯಾನ್ ಪರೀಕ್ಷಿಸಿ, ಯುಪಿಎಸ್ ಬ್ಯಾಟರಿಗಳ ಆರೋಗ್ಯ ನೋಡಿಬಿಡಬೇಕು. ಗಣೇಶ ಹಬ್ಬದಲ್ಲಿ ಬಳಕೆದಾರರು ಕಡಿಮೆ ಇರುತ್ತಾರೆ ಎಂದು ಆಗ ಇಟ್ಟುಕೊಳ್ಳುವವರಿದ್ದಾರೆ. ಆದರೆ ಹುಬ್ಬಳ್ಳಿಯಲ್ಲಿ ಆ ದಿನಗಳಲ್ಲಿ ಎಲೆಕ್ಟ್ರಿಷಿಯನ್ ಸಿಗುವುದೂ ಕಷ್ಟ.

ಏಪ್ರಿಲ್–ಮೇ ತಿಂಗಳ ಅಡ್ಡಮಳೆ ಮಾತ್ರ ಯಾವ ಯೋಜನೆಯನ್ನೂ ಕೇಳುವುದಿಲ್ಲ. ಗುಡುಗು ಗಾಳಿಗೆ ವಿದ್ಯುತ್ ಹೋಗುತ್ತದೆ. ಯುಪಿಎಸ್ ಇದೆಯಲ್ಲ ಎಂದು ಸುಮ್ಮನಿರುವಂತಿಲ್ಲ. ಅನೇಕ ಕಡೆ ಸರ್ವರ್‌ಗಳು ಯುಪಿಎಸ್ ಮೇಲಿರುತ್ತವೆ, ಎಸಿ ಇರುವುದಿಲ್ಲ. ಜನರೇಟರ್ ತಡವಾದರೆ ಎಸಿ ನಿಂತ ಮುಚ್ಚಿದ ಕೋಣೆಯಲ್ಲಿ ಪೂರ್ಣ ಹೊರೆಯಲ್ಲಿರುವ ಸರ್ವರ್‌ಗಳು ನಿಮಿಷಗಳಲ್ಲಿ ಕೋಣೆಯನ್ನು ಕಾಯಿಸಿಬಿಡುತ್ತವೆ. ಸರ್ವರ್ ಒಳಗೆಳೆದುಕೊಳ್ಳುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು ಎಂಬುದು ಹವಾನಿಯಂತ್ರಣ ಎಂಜಿನಿಯರುಗಳ ಅಮೆರಿಕದ ಸಂಘ ಆಶ್ರೇಯ ಶಿಫಾರಸು. ಬ್ಯಾಟರಿ ಎಷ್ಟು ಉಳಿದಿದೆ ಎಂಬುದರ ಜೊತೆಗೆ ಕೋಣೆ ಎಷ್ಟು ಕಾದಿದೆ ಎಂಬುದನ್ನೂ ನೋಡುವ ಸ್ಕ್ರಿಪ್ಟ್ ಇರಬೇಕು. ಒಂದು ಹಂತಕ್ಕೆ ನೋಡ್‌ಗಳನ್ನು ಡ್ರೇನ್ ಮಾಡಬೇಕು, ಮುಂದಿನ ಹಂತಕ್ಕೆ ಜಾಬ್‌ಗಳಿಗೆ ಎಚ್ಚರಿಕೆಯ ಸಂಕೇತ ಕೊಟ್ಟು ನೋಡ್‌ಗಳನ್ನು ಕ್ರಮವಾಗಿ ಆರಿಸಬೇಕು. ಇದನ್ನು ಮನುಷ್ಯರ ಕೈಗೆ ಬಿಡಬಾರದು, ಏಕೆಂದರೆ ಮಳೆ ಬರುವುದು ಹೆಚ್ಚಾಗಿ ಎಲ್ಲರೂ ಮನೆಗೆ ಹೋದ ಮೇಲೆ.

ವಿದ್ಯುತ್ ಮರಳಿದ ಬಳಿಕದ ತೊಡಕುಗಳು ಇನ್ನೂ ಸೂಕ್ಷ್ಮ. ಒಮ್ಮೆಲೇ ಎಲ್ಲವೂ ಹೊತ್ತಿಕೊಂಡರೆ ಸ್ಟೋರೇಜ್ ಏಳುವ ಮೊದಲೇ ನೋಡ್‌ಗಳು ಎದ್ದು, ಹೋಮ್ ಫೋಲ್ಡರ್ ಕಾಣದೆ ಜಾಬ್‌ಗಳನ್ನು ಒಂದರ ಹಿಂದೊಂದು ವಿಫಲಗೊಳಿಸುತ್ತವೆ. ಮೊದಲು ಸ್ವಿಚ್, ಆಮೇಲೆ ಸ್ಟೋರೇಜ್, ಆಮೇಲೆ ಮುಖ್ಯ ಸರ್ವರ್, ಕೊನೆಗೆ ನೋಡ್‌ಗಳು ಏಳಬೇಕು. ಅನಿರೀಕ್ಷಿತವಾಗಿ ಮರುಚಾಲನೆಯಾದ ನೋಡನ್ನು ಸ್ಲರ್ಮ್ ತಾನಾಗಿಯೇ ಸೇವೆಗೆ ಸೇರಿಸಿಕೊಳ್ಳಬೇಕೆ, ಇಲ್ಲವೆ ವ್ಯವಸ್ಥಾಪಕರು ನೋಡುವವರೆಗೆ ಡೌನ್ ಇಡಬೇಕೆ ಎಂಬುದು ಒಂದು ಆಯ್ಕೆಯಲ್ಲಿದೆ. ತಾನಾಗಿಯೇ ಸೇರಿಸಿಕೊಳ್ಳುವ ಆಯ್ಕೆ ಅನುಕೂಲವೆನಿಸುತ್ತದೆ, ಆದರೆ ನಾನು ಅದನ್ನು ಒಪ್ಪುವುದಿಲ್ಲ. ಏಕೆ ಬಿತ್ತು ಎಂದು ತಿಳಿಯದ ನೋಡ್‌ನ ಮೇಲೆ ಬೇರೆಯವರ ಲೆಕ್ಕವನ್ನು ಕೂರಿಸಬಾರದು.

ಹಳೆಯ ನೋಡ್‌ಗಳಲ್ಲಿ ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತಿರುತ್ತದೆ. ವಿದ್ಯುತ್ ಹೋಗಿ ಬಂದರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಸ್ಲರ್ಮ್‌ನ ಭಾಗಗಳು ಒಂದನ್ನೊಂದು ಗುರುತಿಸಿಕೊಳ್ಳಲು ಬಳಸುವ ಮಂಜ್ ಎಂಬ ವ್ಯವಸ್ಥೆಯ ಗುರುತುಚೀಟಿ ಸಾಮಾನ್ಯವಾಗಿ 300 ಸೆಕೆಂಡು ಮಾತ್ರ ಚಾಲ್ತಿಯಲ್ಲಿರುತ್ತದೆ. ಗಡಿಯಾರ ಅದಕ್ಕಿಂತ ಹೆಚ್ಚು ತಪ್ಪಿದ್ದರೆ ನೋಡ್ ಎದ್ದಿರುತ್ತದೆ, ನೆಟ್‌ವರ್ಕ್‌ನಲ್ಲಿ ಇದೆಯೇ ಎಂದು ಕೇಳುವ ಪಿಂಗ್‌ಗೆ ಉತ್ತರಿಸುತ್ತದೆ, ಆದರೂ ಸ್ಲರ್ಮ್‌ಗೆ ಸೇರುವುದಿಲ್ಲ. ಕೇಬಲ್ ಕಿತ್ತು ಹಾಕುವ ಮೊದಲು ಆ ನೋಡ್‌ನಲ್ಲಿ ದಿನಾಂಕ ನೋಡಿ.

ಬಳಕೆದಾರರಿಗೂ ಇಲ್ಲಿ ಒಂದು ಅಪಾಯ ಕಾದಿರುತ್ತದೆ. ನೋಡ್ ಕೆಟ್ಟು ನಿಂತ ಜಾಬನ್ನು ಸ್ಲರ್ಮ್, ಬೇಡವೆಂದು ಹೇಳಿರದಿದ್ದರೆ, ಮತ್ತೆ ಸರದಿಗೆ ಸೇರಿಸಿ ಮೊದಲಿನಿಂದ ಓಡಿಸುತ್ತದೆ. ಸ್ಕ್ರಿಪ್ಟ್ ಸಾಲು ಒಂದರಿಂದ ಶುರುವಾಗಿ ಹಳೆಯ ಫಲಿತಾಂಶದ ಕಡತಗಳ ಮೇಲೆಯೇ ಬರೆದುಬಿಡಬಹುದು. ಲಾಗ್ ಕಡತವೂ ಅಳಿಸಿಹೋಗಬಹುದು. ಇದು ಎಷ್ಟನೆಯ ಮರುಚಾಲನೆ ಎಂದು ತಿಳಿಸುವ ಎನ್ವಿರಾನ್‌ಮೆಂಟ್ ವೇರಿಯಬಲ್ ಒಂದನ್ನು ಸ್ಲರ್ಮ್ ಒದಗಿಸುತ್ತದೆ. ಸ್ಕ್ರಿಪ್ಟ್ ಅದನ್ನು ನೋಡಿ, ನಡುವೆ ಉಳಿಸಿಟ್ಟ ಲೆಕ್ಕದ ಸ್ಥಿತಿ, ಅಂದರೆ ಚೆಕ್‌ಪಾಯಿಂಟ್, ಇದ್ದರೆ ಅಲ್ಲಿಂದ ಮುಂದುವರಿಯುವಂತೆ ಬರೆದುಕೊಳ್ಳಬೇಕು. ಅದು ಆಗದ ಜಾಬ್‌ಗೆ ಮರುಸರದಿ ಬೇಡವೆಂದು ಮೊದಲೇ ಹೇಳಿಬಿಡುವುದು ಕ್ಷೇಮ.

ಯೋಜಿತ ನಿರ್ವಹಣೆ ಮುಗಿದ ಮೇಲೆ ನಾನು ರಿಸರ್ವೇಶನ್ ತಕ್ಷಣ ತೆಗೆಯುವುದಿಲ್ಲ. ಅದರೊಳಗೇ ಪ್ರತಿ ನೋಡ್‌ನಲ್ಲೂ ಒಂದು ಚಿಕ್ಕ ಪರೀಕ್ಷಾ ಜಾಬ್ ಓಡಿಸಿ ಗಡಿಯಾರ, ಮೆಮೊರಿಯ ಅಳತೆ, ಸ್ಟೋರೇಜ್ ಸಂಪರ್ಕ, ಜಿಪಿಯು ಇರುವಲ್ಲಿ ಅವುಗಳ ಸಂಖ್ಯೆ, ಇಷ್ಟನ್ನೂ ನೋಡುತ್ತೇನೆ. ಉತ್ತೀರ್ಣವಾಗದ ನೋಡನ್ನು ಕಾರಣ ಬರೆದು ಡ್ರೇನ್‌ನಲ್ಲೇ ಉಳಿಸಿ, ಉಳಿದವುಗಳಿಗೆ ಸರದಿ ತೆರೆಯುತ್ತೇನೆ. ಹೇಳಿದ ಗಂಟೆಗಿಂತ ಮೊದಲೇ ಕೆಲಸ ಮುಗಿದರೆ ರಿಸರ್ವೇಶನ್ ಅಳಿಸಿದರಾಯಿತು, ಗುರುವಾರದಿಂದ ಕಾಯುತ್ತಿದ್ದ 48 ಗಂಟೆಯ ಜಾಬ್‌ಗಳು ಆಗಲೇ ಓಡತೊಡಗುತ್ತವೆ.