ಬಾಕ್ಸ್ ಎಷ್ಟು ಕೆಜಿ ಅಂತ ಕೇಳಿದ್ರಾ?

ಕೋಲಾರದ ಎಪಿಎಂಸಿಗೆ ಬೆಳಿಗ್ಗೆ ಹೋದರೆ ಕಾಲಿಡಲು ಜಾಗ ಇರುವುದಿಲ್ಲ. ಸಾಲು ಸಾಲು ಟೊಮೆಟೊ ಬಾಕ್ಸ್, ಅದರ ನಡುವೆ ಕೂಗುತ್ತಾ ಓಡಾಡುವ ಹರಾಜಿನವರು, ಹಿಂದೆ ಚೀಟಿ ಹಿಡಿದ ಹುಡುಗರು. ಒಂದು ಲಾಟ್, ಅಂದರೆ ಒಟ್ಟಿಗೆ ಹರಾಜಿಗಿಟ್ಟ ಬಾಕ್ಸ್‌ಗಳ ಗುಂಪು, ಹರಾಜಾಗಲು ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಹೊಸದಾಗಿ ವರದಿಗಾರಿಕೆಗೆ ಬಂದವರನ್ನು ನಾನು ಮೊದಲು ಕರೆದುಕೊಂಡು ಹೋಗುವುದು ಅಲ್ಲಿಗೇ. ವರದಿಯಲ್ಲಿ ಒಂದು ಅಂಕಿ ಬರೆಯುವುದು ಎಷ್ಟು ಕಷ್ಟ ಅಂತ ಅಲ್ಲಿ ಗೊತ್ತಾಗುತ್ತದೆ.

ಇದು ನನಗೆ ತಪ್ಪು ಮಾಡಿಯೇ ಗೊತ್ತಾಗಿದ್ದು. ಹಲವು ವರ್ಷಗಳ ಹಿಂದೆ ಒಂದು ಮಂಡಿಯಲ್ಲಿ ಒಳ್ಳೆಯ ಲಾಟ್ ಒಂದು ಬಾಕ್ಸ್‌ಗೆ 900 ರೂಪಾಯಿಯಂತೆ ಹೋಯಿತು. ಎದುರಿಗೇ ನಿಂತು ಕೇಳಿಸಿಕೊಂಡಿದ್ದೆ. 'ಟೊಮೆಟೊ ಬಾಕ್ಸ್‌ಗೆ 900' ಅಂತ ಬರೆದೆ, ಅದೇ ತಲೆಬರಹವೂ ಆಯಿತು. ಮಾರನೆಯ ದಿನ ಶ್ರೀನಿವಾಸಪುರ ಕಡೆಯ ರೈತರೊಬ್ಬರು ಪತ್ರಿಕೆ ಹಿಡಿದುಕೊಂಡು ಬಂದರು. ರೇಟು ಬಂದಿದೆ ಅಂತ ನಂಬಿ, ಕೂಲಿ ಜಾಸ್ತಿ ಕೊಟ್ಟು, ಅರ್ಧ ಬಣ್ಣ ತಿರುಗಿದ ಕಾಯಿಯನ್ನೂ ಬಿಡಿಸಿ ತಂದಿದ್ದರು. ಅವರಿಗೆ ಸಿಕ್ಕಿದ್ದು 500ರ ಆಸುಪಾಸು. ಅವರು ಜಗಳ ಮಾಡಲಿಲ್ಲ. 900 ಯಾರಿಗೆ ಸಿಕ್ಕಿತು ಅಂತ ಮಾತ್ರ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಕೇಳಿದ ಅಂಕಿ ಸುಳ್ಳಲ್ಲ. ಆದರೆ ಅದು ಆ ದಿನದ ಅತಿ ಹೆಚ್ಚಿನ ಬೆಲೆ, ಒಂದೇ ಒಂದು ಲಾಟ್‌ನ ಬೆಲೆ. ಮಾರುಕಟ್ಟೆಯ ದಿನದ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮೋಡಲ್ ಅಂತ ಮೂರು ದರ ಇರುತ್ತವೆ. ಮೋಡಲ್ ಅಂದರೆ ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೋ ಅದು. ರೈತನಿಗೆ ಬೇಕಾಗಿರುವುದು ಅದೇ. ತಲೆಬರಹಕ್ಕೆ ನಮಗೆ ಗರಿಷ್ಠ ದರ ಇಷ್ಟ, ಅಲ್ವಾ? ಬರೆಯಿರಿ, ತಪ್ಪಿಲ್ಲ. ಆದರೆ ಮೊದಲ ಪ್ಯಾರಾದಲ್ಲೇ ಮೋಡಲ್ ದರವೂ ಬರಲಿ.

ಇನ್ನು ತೂಕ. ಕೋಲಾರದಲ್ಲಿ ಬಾಕ್ಸ್ ಅಂದರೆ 15 ಕೆಜಿ ಅಂತ ಇಲ್ಲಿನವರಿಗೆಲ್ಲ ಗೊತ್ತು. 2023ರ ಜುಲೈನಲ್ಲಿ ಬಾಕ್ಸ್ 2,000 ರೂಪಾಯಿ ದಾಟಿದಾಗ ಎಷ್ಟೋ ವರದಿಗಳಲ್ಲಿ ಈ 15 ಕೆಜಿ ಅನ್ನುವುದೇ ಬಿಟ್ಟುಹೋಗಿತ್ತು. ಬೇರೆ ಊರಿನಲ್ಲಿ ಓದಿದವರಿಗೆ ಏನು ಅರ್ಥವಾಗಬೇಕು? ಅವರ ಕಡೆಯ ಕ್ರೇಟ್ ತೂಕವೇ ಬೇರೆ. ಸರ್ಕಾರಿ ಪಟ್ಟಿಯಲ್ಲಿ ದರ ಕ್ವಿಂಟಲ್ ಲೆಕ್ಕದಲ್ಲಿರುತ್ತದೆ, ಮಂಡಿಯಲ್ಲಿ ಬಾಕ್ಸ್ ಲೆಕ್ಕ, ಮನೆಯಲ್ಲಿ ಕೆಜಿ ಲೆಕ್ಕ. ಬಾಕ್ಸ್‌ಗೆ 450 ಅಂದರೆ ಕೆಜಿಗೆ 30, ಕ್ವಿಂಟಲ್‌ಗೆ 3,000. ಈ ಲೆಕ್ಕವನ್ನು ಓದುಗರ ತಲೆಗೆ ಕಟ್ಟಬೇಡಿ, ನೀವೇ ಮಾಡಿಕೊಡಿ.

ನಮ್ಮ ಕಡೆ ಇದಕ್ಕಿಂತ ಹೆಚ್ಚು ಮೋಸ ಮಾಡುವ ಅಂಕಿ ಅಂದರೆ ಕೊಳವೆಬಾವಿಯದು. '1,200 ಅಡಿ ಕೊರೆದರೂ ಎರಡು ಇಂಚು ನೀರು' ಅಂತ ಎಲ್ಲರೂ ಬರೆಯುತ್ತಾರೆ. ಎರಡು ಇಂಚು ಅಂದರೆ ಏನು ಅಂತ ಒಂದು ದಿನ ತರಬೇತಿಯಲ್ಲಿ ಕೇಳಿದೆ. ಪೈಪಿನ ದಪ್ಪ ಅಂತ ಒಬ್ಬರು, ಒಂದು ಇಂಚಿನ ಎರಡರಷ್ಟು ನೀರು ಅಂತ ಇನ್ನೊಬ್ಬರು. ಎರಡೂ ಅಲ್ಲ. ಬೋರ್ ಲಾರಿಯವರು ನೀರನ್ನು ವಿ ಆಕಾರದಲ್ಲಿ ಕತ್ತರಿಸಿದ ತಗಡಿನ ಮೂಲಕ ಹರಿಯಲು ಬಿಟ್ಟು, ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರ ನಿಂತಿದೆ ಅಂತ ನೋಡುತ್ತಾರೆ. ಆ ಎತ್ತರವೇ ಇಂಚು. ಕಚ್ಚು ಮೇಲೆ ಹೋದಂತೆ ಅಗಲವಾಗುತ್ತದೆ. ಹಾಗಾಗಿ ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್ ಬಂದರೆ, ಎರಡು ಇಂಚಿಗೆ ಹತ್ತಿರ ಹತ್ತಿರ 2,900 ಲೀಟರ್ ಬರುತ್ತದೆ. ಐದು ಪಟ್ಟಿಗಿಂತ ಜಾಸ್ತಿ! ಒಂದು ಇಂಚು ಕಡಿಮೆಯಾಯಿತು ಅಂತ ರೈತ ಹೇಳಿದಾಗ ಅವನ ಮುಖ ಯಾಕೆ ಅಷ್ಟು ಬಾಡಿರುತ್ತದೆ ಅಂತ ಇದು ಗೊತ್ತಿದ್ದರೆ ಮಾತ್ರ ತಿಳಿಯುತ್ತದೆ. ಲಾರಿ ನಿಂತಿರುವಾಗಲೇ ಹೋಗಿ, ಆ ತಗಡನ್ನು ಕಣ್ಣಾರೆ ನೋಡಿ.

ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ನೀರಿನ ಯೋಜನೆಯ ವಿಷಯಕ್ಕೆ ಬಂದರೆ ಅಂಕಿ ಜೊತೆಗೆ ಪದವೂ ಕೈಕೊಡುತ್ತದೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಒಂದು ಪತ್ರಿಕೆಯಲ್ಲಿ ಅದು 'ಕೊಳಚೆ ನೀರು', ಪಕ್ಕದ ಪತ್ರಿಕೆಯಲ್ಲಿ 'ಶುದ್ಧೀಕರಿಸಿದ ನೀರು'. ಬರೆಯುವವರು ಯಾರ ಪರ ಅಂತ ಪದದಲ್ಲೇ ಗೊತ್ತಾಗಿಬಿಡುತ್ತದೆ. ಅದು ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರು, ಮೂರನೇ ಹಂತದ ಸಂಸ್ಕರಣೆ ಬೇಕು ಅನ್ನುವುದು ಹೋರಾಟಗಾರರ ಬೇಡಿಕೆ. ಇಷ್ಟು ಬರೆದರೆ ಓದುಗರು ತಾವೇ ಯೋಚಿಸುತ್ತಾರೆ. 440 ಎಂಎಲ್‌ಡಿ ಅನ್ನುವುದೂ ಹಾಗೆಯೇ. ದಿನಕ್ಕೆ 44 ಕೋಟಿ ಲೀಟರ್ ಅಂತ ಬಿಡಿಸಿ ಬರೆಯಿರಿ. ಅದು ಯೋಜನೆಯ ಮೊದಲ ಹಂತಕ್ಕೆ ಕಾಗದದಲ್ಲಿ ಗೊತ್ತುಮಾಡಿದ ಅಂಕಿ. ಇವತ್ತು ಎಷ್ಟು ಹರಿಯಿತು ಅನ್ನುವುದು ಬೇರೆ ಪ್ರಶ್ನೆ, ಅದನ್ನು ಬೇರೆಯಾಗಿಯೇ ಕೇಳಬೇಕು.

ಆ ಅಂಕಿ ಬಾಯಿಮಾತಿನಲ್ಲಿ ಸಿಗದಿದ್ದರೆ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. 'ನೀರು ಯಾಕೆ ಕಡಿಮೆ ಬಿಟ್ಟಿರಿ' ಅಂತ ಕೇಳಿದರೆ ಉತ್ತರ ಬರುವುದಿಲ್ಲ. 'ಇಂಥ ತಿಂಗಳ ದಿನವಹಿ ಹರಿವಿನ ದಾಖಲೆಯ ಪ್ರತಿ ಕೊಡಿ' ಅಂತ ಕೇಳಿ.

ಅಂಕಿಗೆ ಅಳತೆ ಬಿಟ್ಟುಹೋಗುವ ಹಾಗೆ ನಮ್ಮ ವಾಕ್ಯಗಳಲ್ಲಿ ಮಾತು ಹೇಳಿದವರೇ ಬಿಟ್ಟುಹೋಗುತ್ತಾರೆ. 'ಎನ್ನಲಾಗಿದೆ' ಅಂತ ಬರೆಯುತ್ತೇವೆ. ಅಂದವರು ಯಾರು? 'ಸಾರ್ವಜನಿಕರು ಆಗ್ರಹಿಸಿದ್ದಾರೆ.' ಎಷ್ಟು ಜನ, ಎಲ್ಲಿ? ಮುಳಬಾಗಿಲಿನ ಹುಡುಗನೊಬ್ಬ ಈಚೆಗೆ ಕಳಿಸಿದ ವರದಿಯಲ್ಲಿ 'ನೀರಿನ ಘಟಕ ಕೆಟ್ಟು ಗ್ರಾಮಸ್ಥರು ಪರದಾಡುವಂತಾಗಿದೆ' ಅಂತಿತ್ತು. ಹೇಗೆ ಪರದಾಡುತ್ತಿದ್ದಾರೆ ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಮತ್ತೆ ಊರಿಗೆ ಹೋದ. ಸಂಜೆ ಕಳಿಸಿದ್ದು ಇಷ್ಟು: 'ಘಟಕ ನಿಂತು 23 ದಿನವಾಯಿತು. 20 ಲೀಟರ್‌ನ ಕ್ಯಾನ್ ತುಂಬಿಸಲು ಪಕ್ಕದ ಊರಿಗೆ ಎರಡೂವರೆ ಕಿಲೋಮೀಟರ್ ಹೋಗಬೇಕು. ಬೈಕ್ ಇಲ್ಲದ ಮನೆಗಳಲ್ಲಿ ಬೋರ್ ನೀರನ್ನೇ ಕುಡಿಯುತ್ತಿದ್ದಾರೆ.' ಆ ಬೋರ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಕೊನೆಯ ಸಲ ಯಾವಾಗ ಪರೀಕ್ಷೆ ಮಾಡಿದ್ದರು ಅಂತ ಕೇಳಲು ಅವನು ನಾಳೆ ಪಂಚಾಯಿತಿಗೆ ಹೋಗುತ್ತಿದ್ದಾನೆ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ ಒಂದೂವರೆ ತನಕ ಒಪ್ಪುತ್ತಾರೆ ಅಂತ ಅವನ ಪುಸ್ತಕದಲ್ಲಿ ಬರೆದುಕೊಟ್ಟಿದ್ದೇನೆ.