ಗಂಡು ಪರಂಗಿ ಗಿಡಕ್ಕೆ ಮೊಳೆ ಹೊಡೆದರೆ ಕಾಯಿ ಬಿಡುತ್ತಾ?

ಪ್ರಶ್ನೆ: "ಸರ್, ನಮ್ಮ ಹಿತ್ತಿಲಿನ ಪರಂಗಿ ಗಿಡ ಬರೀ ಹೂ ಬಿಡುತ್ತೆ, ಒಂದು ಕಾಯಿಯೂ ಇಲ್ಲ. ಗಂಡು ಗಿಡ ಅಂತಾರೆ. ಕಾಂಡಕ್ಕೆ ಕಬ್ಬಿಣದ ಮೊಳೆ ಹೊಡೆದರೆ ಹೆಣ್ಣಾಗುತ್ತಂತೆ. ಹೊಡೆಯಲಾ?"

ಹೊಡೆಯಬೇಡಿ.

ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಊರು ಬೇರೆ, ಮೊಳೆ ಅದೇ. ಕೆಲವರು ಹೊಡೆದಾದ ಮೇಲೆ ಕೇಳುತ್ತಾರೆ. ಇನ್ನು ಕೆಲವರು "ನಮ್ಮನೇಲಿ ಹೊಡೆದ್ವಿ, ಕಾಯಿ ಬಿಡ್ತು, ಇದಕ್ಕೇನಂತೀರಿ?" ಅಂತ ಸವಾಲು ಹಾಕುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕಾಯಿ ಬಿಟ್ಟಿರಬಹುದು. ಆದರೆ ಅದಕ್ಕೂ ಮೊಳೆಗೂ ಸಂಬಂಧವಿಲ್ಲ. ಈ ಸಲ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ. ಮುಂದೆ ಯಾರಾದರೂ ಸುತ್ತಿಗೆ ಹಿಡಿದು ಬಂದರೆ ಇದನ್ನೇ ಓದಿ ಹೇಳಿ.

ಮೊದಲು ಹೂ ನೋಡಿ. ಗಂಡು ಗಿಡದಲ್ಲಿ ಉದ್ದನೆಯ ಗೊಂಚಲು ಜೋತು ಬೀಳುತ್ತದೆ, ಅದರ ತುಂಬ ಸಣ್ಣ ಸಣ್ಣ ಕೊಳವೆಯಂಥ ಹೂ. ಹೆಣ್ಣು ಗಿಡದ ಹೂ ದಪ್ಪ, ಎಲೆಯ ಬುಡದಲ್ಲಿ ಕಾಂಡಕ್ಕೆ ಅಂಟಿಕೊಂಡಿರುತ್ತದೆ. ಎಸಳು ಬಿಡಿಸಿದರೆ ಒಳಗೆ ಪುಟ್ಟ ಕಾಯಿಯ ಆಕಾರದ ಅಂಡಾಶಯ ಕಾಣುತ್ತದೆ. ಮೂರನೆಯದು ದ್ವಿಲಿಂಗಿ ಗಿಡ. ಅದರ ಒಂದೇ ಹೂವಿನಲ್ಲಿ ಕೇಸರವೂ ಇದೆ, ಅಂಡಾಶಯವೂ ಇದೆ. ಅಂಗಡಿಯಲ್ಲಿ ಸಿಗುವ ಉದ್ದನೆಯ ಹಣ್ಣು ಹೆಚ್ಚಾಗಿ ದ್ವಿಲಿಂಗಿ ಗಿಡದ್ದು, ಗುಂಡನೆಯದು ಹೆಣ್ಣು ಗಿಡದ್ದು.

ಯಾವ ಗಿಡ ಯಾವುದಾಗಬೇಕು ಅನ್ನೋದು ಬೀಜ ಕಟ್ಟುವಾಗಲೇ ತೀರ್ಮಾನವಾಗಿರುತ್ತದೆ. ನಮ್ಮಲ್ಲಿರುವ ಹಾಗೆ ಪರಂಗಿಯಲ್ಲೂ ಎಕ್ಸ್, ವೈ ವರ್ಣತಂತುಗಳಿವೆ. ಎರಡೂ ಎಕ್ಸ್ ಆದರೆ ಹೆಣ್ಣು. ಒಂದು ಎಕ್ಸ್, ಒಂದು ವೈ ಆದರೆ ಗಂಡು. ವೈ ಬದಲು ಅದರದೇ ಸ್ವಲ್ಪ ಬೇರೆ ರೂಪ ಬಂದರೆ ದ್ವಿಲಿಂಗಿ. ಎರಡೂ ಕಡೆಯಿಂದ ವೈ ಬಂದರೆ ಆ ಭ್ರೂಣ ಉಳಿಯುವುದೇ ಇಲ್ಲ. ಪರಂಗಿಯ ಈ ಎಕ್ಸ್, ವೈ ವರ್ಣತಂತುಗಳು ಗೊತ್ತಾಗುವ ಮೊದಲೇ, 1938ರಲ್ಲಿ, ಹವಾಯಿಯ ಸ್ಟೋರಿ ಮತ್ತು ದಕ್ಷಿಣ ಆಫ್ರಿಕಾದ ಹಾಫ್‌ಮೈಯರ್ ಬೇರೆ ಬೇರೆಯಾಗಿ ಈ ಅನುವಂಶೀಯ ಲೆಕ್ಕವನ್ನು ಕಂಡುಕೊಂಡಿದ್ದರು. ಗಿಡದ ಪ್ರತಿ ಜೀವಕೋಶದಲ್ಲೂ ಇದೇ ಲೆಕ್ಕ ಬರೆದಿರುತ್ತದೆ. ಒಂದು ಮೊಳೆ ಎಷ್ಟು ಕೋಶಗಳನ್ನು ಅಂತ ತಿದ್ದೀತು, ಹೇಳಿ?

ಹಾಗಾದರೆ ಆ ಕಾಯಿ ಎಲ್ಲಿಂದ ಬಂತು? ಅಸಲಿ ವಿಷಯ ಇಲ್ಲಿದೆ, ಮಜವಾಗಿಯೂ ಇದೆ. ಗಂಡು ಹೂವಿನೊಳಗೆ ಹೆಣ್ಣು ಭಾಗ ಪೂರ್ತಿ ಇಲ್ಲದೇ ಇಲ್ಲ. ಬೆಳೆಯದೆ ನಿಂತ ಒಂದು ಚಿಕ್ಕ ಕುರುಹು ಇರುತ್ತದೆ. ಹವಾಮಾನ ಬದಲಾದಾಗ, ಅದರಲ್ಲೂ ತಂಪು ಹೊತ್ತಿನಲ್ಲಿ, ಕೆಲವು ಗಂಡು ಗಿಡಗಳ ಕೆಲವು ಹೂಗಳಲ್ಲಿ ಅದು ಬೆಳೆದುಬಿಡುತ್ತದೆ. ಆಗ ಗೊಂಚಲಿನ ತುದಿಯಲ್ಲಿ ಉದ್ದ ತೊಟ್ಟಿನ ಸಣ್ಣ ಕಾಯಿಗಳು ನೇತಾಡುತ್ತವೆ. ಮೊಳೆ ಹೊಡೆದ ಗಿಡದಲ್ಲಿ ಬಿಟ್ಟ ಕಾಯಿ ಹೇಗಿತ್ತು, ನೆನಪು ಮಾಡಿಕೊಳ್ಳಿ. ತೊಟ್ಟು ಉದ್ದ ಇತ್ತು ಅಲ್ವಾ? ಅದು ಗಂಡು ಗಿಡವೇ. ಹಂಗಾಮು ಮುಗಿದ ಮೇಲೆ ಮತ್ತೆ ಬರೀ ಹೂ.

ಇನ್ನೊಂದು ಸಾಧ್ಯತೆಯೂ ಇದೆ. ನಿಮ್ಮದು ಗಂಡೇ ಅಲ್ಲದಿರಬಹುದು. ದ್ವಿಲಿಂಗಿ ಗಿಡಗಳು ಬೇಸಿಗೆಯ ಬಿಸಿಲಿಗೆ ಕಂಗೆಟ್ಟು, ಅಂಡಾಶಯ ಬೆಳೆಯದ ಹೂಗಳನ್ನೇ ಬಿಡುತ್ತವೆ. ನೋಡಿದವರು "ಇದು ಗಂಡು" ಅಂತ ಷರಾ ಬರೆಯುತ್ತಾರೆ. ಏಪ್ರಿಲ್‌ನಲ್ಲಿ ಮೊಳೆ, ಜೂನ್‌ನಲ್ಲಿ ಮಳೆ, ಆಮೇಲೆ ಕಾಯಿ. ಕೀರ್ತಿ ಮಾತ್ರ ಮೊಳೆಗೆ! ಇನ್ನು ಒಂಟಿ ಹೆಣ್ಣು ಗಿಡವಿದ್ದು, ಹತ್ತಿರ ಎಲ್ಲೂ ಪರಾಗ ಸಿಗದಿದ್ದರೂ ಹೂ ಉದುರುತ್ತದೆ. ಪಕ್ಕದ ಮನೆಯ ಗಿಡ ಹೂ ಬಿಟ್ಟ ದಿನದಿಂದ ಇಲ್ಲಿ ಕಾಯಿ ನಿಲ್ಲುತ್ತದೆ.

ಅಂದಹಾಗೆ, ಹೀಗೆ ಅತ್ತಿತ್ತ ಹೊಯ್ದಾಡುವುದು ಗಂಡು ಮತ್ತು ದ್ವಿಲಿಂಗಿ ಗಿಡಗಳು ಮಾತ್ರ. ಹೆಣ್ಣು ಗಿಡ ಯಾವ ಹವೆಗೂ ಜಗ್ಗುವುದಿಲ್ಲ.

ಇಷ್ಟಾದರೂ ಮೊಳೆಯ ಮೇಲೆ ನಂಬಿಕೆ ಉಳಿದಿದ್ದರೆ ಸರಿಯಾಗಿ ಪರೀಕ್ಷೆ ಮಾಡಿ. ಒಂದೇ ತೋಟದ, ಒಂದೇ ವಯಸ್ಸಿನ ಹತ್ತಾರು ಗಂಡು ಗಿಡ ಆರಿಸಿ. ಅರ್ಧಕ್ಕೆ ಹೊಡೆಯಿರಿ, ಅರ್ಧವನ್ನು ಸುಮ್ನೆ ಬಿಡಿ. ಸುಮ್ನೆ ಬಿಟ್ಟ ಗಿಡ ಏನು ಮಾಡಿತು ಅಂತ ನನಗೆ ಸವಾಲು ಹಾಕಿದವರಲ್ಲಿ ಒಬ್ಬರೂ ನೋಡಿರಲಿಲ್ಲ. ನೋಡಬೇಕಾದ್ದೇ ಅದು. ಆದರೆ ಪರಂಗಿ ಕಾಂಡ ಮೆತ್ತಗೆ, ಗಾಯವಾದರೆ ಕೊಳೆ ಸುಲಭವಾಗಿ ಹತ್ತುತ್ತದೆ. ತುದಿ ಕಡಿದರೆ ಹೆಣ್ಣಾಗುತ್ತದೆ ಅನ್ನುವವರಿಗೂ ಇದೇ ಉತ್ತರ. ಬೇರು, ಬೀಜದ ಬಣ್ಣ ನೋಡಿ ಗಂಡು ಹೆಣ್ಣು ಹೇಳುತ್ತೇವೆ ಅನ್ನುವವರನ್ನೂ ನಂಬಬೇಡಿ. ಪ್ರಯೋಗಾಲಯದಲ್ಲಿ ಡಿಎನ್‌ಎ ಪರೀಕ್ಷೆ ಮಾಡಿಸದಿದ್ದರೆ, ಹೂ ಬರುವ ತನಕ ಕಾಯಲೇಬೇಕು.

ಮಾಡಬೇಕಾದ್ದು ಸುಲಭ. ಗಂಡು ಹೆಣ್ಣು ಬೇರೆ ಬೇರೆ ಇರುವ ತಳಿಯಾದರೆ ಗುಂಡಿಗೆ ಮೂರ್ನಾಲ್ಕು ಸಸಿ ನೆಡಿ. ಹೂ ಬಂದ ಮೇಲೆ ಹತ್ತು ಹೆಣ್ಣಿಗೆ ಒಂದರಂತೆ ಗಂಡು ಉಳಿಸಿ, ಮಿಕ್ಕಿದ್ದನ್ನು ಕಿತ್ತುಹಾಕಿ. ಮನೆ ಹಿತ್ತಿಲಿಗಾದರೆ ಕೊಡಗಿನ ಚೆಟ್ಟಳ್ಳಿಯಿಂದ ಬಂದ ಕೂರ್ಗ್ ಹನಿ ಡ್ಯೂ, ಹೆಸರಘಟ್ಟದ ಸೂರ್ಯ ಅಥವಾ ತೈವಾನಿನ ರೆಡ್ ಲೇಡಿ ತಂದು ನೆಡಿ. ಅವುಗಳಲ್ಲಿ ಹೆಣ್ಣು ಮತ್ತು ದ್ವಿಲಿಂಗಿ ಗಿಡಗಳೇ ಬರುತ್ತವೆ, ಗಂಡಿನ ತಲೆನೋವಿಲ್ಲ.

ಇಷ್ಟು ಹೇಳಿದ ಮೇಲೆ ಯಾರಾದರೂ "ಬೀಜದ ಜೂಜು ಯಾಕೆ? ಒಳ್ಳೆ ಗಿಡದ ತುಂಡು ನೆಟ್ಟರಾಗದಾ?" ಅಂತ ಕೇಳಬೇಕಿತ್ತು. ಯಾರೂ ಕೇಳಿಲ್ಲ. ಆದರೂ ಹೇಳುತ್ತೇನೆ. ಪರಂಗಿ ಸಾಮಾನ್ಯವಾಗಿ ಕೊಂಬೆಯೊಡೆಯದ ಗಿಡ, ತುಂಡಿನಿಂದ ಬೆಳೆಸುವುದು ರಗಳೆ. ಬಾಳೆಯಲ್ಲಿ ನಾವು ಮಾಡುವುದು ಅದನ್ನೇ. ಕಂದು, ಅಂದರೆ ಬುಡದಲ್ಲಿ ಏಳುವ ಮರಿ, ಕಿತ್ತು ನೆಡುತ್ತೇವೆ. ಹೂವಿನ ಹಂಗಿಲ್ಲ, ಪರಾಗ ಬೇಡ, ತಾಯಿ ಗಿಡದ್ದೇ ಪಡಿಯಚ್ಚು. ಶಾಲೆಯಲ್ಲಿ ನಿರ್ಲಿಂಗ ಸಂತಾನೋತ್ಪತ್ತಿ ಅಂತ ಬಾಯಿಪಾಠ ಮಾಡಿದ್ದು ಇದೇ. ರುಚಿ ಕೆಡುವುದಿಲ್ಲ, ಗಂಡೋ ಹೆಣ್ಣೋ ಅನ್ನುವ ಚಿಂತೆಯೂ ಇಲ್ಲ.

ನಷ್ಟ ಏನು ಅಂತ ನಂಜನಗೂಡಿನವರನ್ನು ಕೇಳಿ. ರಸಬಾಳೆ ತಲೆತಲಾಂತರದಿಂದ ಕಂದಿನಿಂದಲೇ ಬಂದದ್ದು. ಹಾಗಾಗಿ ತೋಟದ ಗಿಡಗಳೆಲ್ಲ ಒಳಗಿನಿಂದ ಒಂದೇ. ಪನಾಮಾ ಸೊರಗು ರೋಗದ ಶಿಲೀಂಧ್ರ ಮಣ್ಣಿಗೆ ಹೊಕ್ಕಾಗ, ಒಂದು ಗಿಡ ಬಗ್ಗಿದ ಹಾಗೇ ಎಲ್ಲವೂ ಬಗ್ಗಿದವು. ಲ್ಯಾಟಿನ್ ಅಮೆರಿಕದಲ್ಲಿ ಗ್ರೋ ಮಿಶೆಲ್ ಬಾಳೆಗೂ ಕಳೆದ ಶತಮಾನದ ನಡುವೆ ಇದೇ ಗತಿಯಾಯಿತು. ಅಂಗಾಂಶ ಕೃಷಿಯಿಂದ ರೋಗವಿಲ್ಲದ ರಸಬಾಳೆ ಸಸಿ ಮಾಡಬಹುದು. ಆದರೆ ಅದೂ ಅದೇ ಗಿಡದ ಪಡಿಯಚ್ಚು. ಮಣ್ಣಿನಲ್ಲಿ ಶಿಲೀಂಧ್ರ ಉಳಿದಿದ್ದರೆ ಮತ್ತೆ ಸೊರಗುತ್ತದೆ. ರೋಗ ತಡೆಯುವ ಬೇರೆ ಬಾಳೆಯ ಜೊತೆ ಅಡ್ಡಹಾಯಿಸೋಣ ಅಂದರೆ ಅದಕ್ಕೆ ಬೀಜ ಬೇಕು. ರಸಬಾಳೆಯಲ್ಲಿ ವರ್ಣತಂತುಗಳು ಜೋಡಿಯಲ್ಲ, ಮೂರು ಮೂರು. ಸರಿಯಾಗಿ ಪಾಲಾಗುವುದಿಲ್ಲ, ಹಾಗಾಗಿ ಬೀಜ ಕಟ್ಟುವುದಿಲ್ಲ. ಹಣ್ಣು ಕಚ್ಚಿದಾಗ ನಡುವೆ ಕಾಣುವ ಕರಿ ಚುಕ್ಕೆಗಳು ಬೀಜವಾಗದೆ ಉಳಿದವು.